ಕಲ್ಲು ಜರುಗಿದ್ದರೆ ನಕ್ಷೆ ಕೂರಿಸುವುದು ಹೇಗೆ?

ರಿಜಿಸ್ಟ್ರೇಶನ್ ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಸಬ್ ರಿಜಿಸ್ಟ್ರಾರ್ ಆಫೀಸು, ಹೊರಗೆ ಮರದಡಿ ಕೂತ ಪತ್ರ ಬರಹಗಾರರು, ಹೆಬ್ಬೆಟ್ಟಿನ ಮಸಿ. ಗಣಿತ ಮತ್ತು ಕಂಪ್ಯೂಟರ್‌ನವರು ಅದೇ ಪದವನ್ನು ಬೇರೆ ಕೆಲಸಕ್ಕೆ ಬಳಸುತ್ತಾರೆ. ಒಂದೇ ಜಾಗದ ಎರಡು ಚಿತ್ರ ಇವೆ ಅನ್ನಿ. ಒಂದು ಹಳೆಯದು, ಇನ್ನೊಂದು ಹೊಸದು. ಹಳೆಯದನ್ನು ಜರುಗಿಸಿ, ತಿರುಗಿಸಿ, ಹೊಸದರ ಮೇಲೆ ಸರಿಯಾಗಿ ಕೂರಿಸಬೇಕು. ಅದಕ್ಕೆ ಅವರು ರಿಜಿಸ್ಟ್ರೇಶನ್ ಅನ್ನುತ್ತಾರೆ.

ಕೇಳಲು ಸುಲಭ. ಆದರೆ ನಮ್ಮ ಹೊಲಗಳ ಹದ್ದುಬಸ್ತು ಜಗಳಗಳಲ್ಲಿ ಅರ್ಧಕ್ಕರ್ಧ ಇದೇ ಕೆಲಸದ ಕಷ್ಟದಿಂದ ಹುಟ್ಟಿದ್ದು ಅಂತ ನನಗೆ ಈಚೆಗೆ ಅನ್ನಿಸತೊಡಗಿದೆ.

ನಾನು ಜಿಲ್ಲೆಯ ಸ್ಟ್ರಿಂಗರ್. ಸುದ್ದಿಗೆ ಇಷ್ಟು ಅಂತ ಕಾಸು. ಬದುವಿನ ಜಗಳದ ಸುದ್ದಿ ಎಷ್ಟು ಕಳಿಸಿದ್ದೇನೋ ಲೆಕ್ಕವಿಲ್ಲ. ಯಾರು ಯಾರಿಗೆ ಹೊಡೆದರು, ಎಷ್ಟು ಜನ ಆಸ್ಪತ್ರೆ ಸೇರಿದರು, ಯಾವ ಠಾಣೆಯಲ್ಲಿ ಕೇಸು ಆಯಿತು, ಇಷ್ಟೇ ಅದರಲ್ಲಿ ಇರುತ್ತದೆ. ಡಿಪ್ಲೊಮಾದಲ್ಲಿ ನಮಗೆ ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ ಅಂತ ಆರು ಪ್ರಶ್ನೆ ಹೇಳಿಕೊಟ್ಟಿದ್ದರು. ಬದುವಿನ ಸುದ್ದಿಯಲ್ಲಿ ಕೊನೆಯ ಎರಡಕ್ಕೆ ಜಾಗವೇ ಇರುವುದಿಲ್ಲ. ಒಂದೇ ಹೊಲವನ್ನು ಎರಡು ಸಲ ಅಳೆದರೆ ಎರಡು ಉತ್ತರ ಯಾಕೆ ಬರುತ್ತದೆ? ಅಳೆದವರು ದುಡ್ಡು ತಿಂದರು ಅನ್ನುವುದು ಊರಿನ ಮಾಮೂಲಿ ಉತ್ತರ. ಯಾರೂ ಏನೂ ತಿನ್ನದೆ ಇದ್ದರೂ ಎರಡು ಉತ್ತರ ಬರಬಹುದು. ಅದು ಹೇಗೆ ಅಂತ ಹೇಳುವುದಕ್ಕೇ ಇಷ್ಟು ಬರೆಯುತ್ತಿರುವುದು.

ಮೊದಲು ಹಳೆಯ ಟಿಪ್ಪಣಿ ನೋಡಿ. ಅದು 33 ಅಡಿ ಸರಪಳಿಯಲ್ಲಿ ಅಳೆದದ್ದು. 33 ಅಡಿ ಉದ್ದ, 33 ಅಡಿ ಅಗಲ ಆದರೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಸರಪಳಿಗೆ 16 ಆಣೆ. ಅಂದರೆ ಒಂದು ಆಣೆ ಎರಡು ಅಡಿಗಿಂತ ಕೂದಲೆಳೆ ಜಾಸ್ತಿ. ಹತ್ತಿರದ ಆಣೆಗೆ ಬರೆದುಕೊಂಡರೆ ಅಡಿ ಅಷ್ಟು ಹೆಚ್ಚು ಕಮ್ಮಿ ಆಗಿಯೇ ಆಗುತ್ತದೆ. ಅದು ಯಾರ ತಪ್ಪೂ ಅಲ್ಲ.

ಈಗ ರೋವರ್ ಬಂದಿದೆ. ಕಂಬ ನೆಟ್ಟು ನಿಂತರೆ ಉಪಗ್ರಹದ ಸಂಕೇತ ಹಿಡಿದು, ನಿಂತ ಜಾಗ ಭೂಮಿಯ ಮೇಲೆ ಎಲ್ಲಿದೆ ಅಂತ ಕೆಲವೇ ಸೆಂಟಿಮೀಟರ್ ನಿಖರತೆಯಲ್ಲಿ ಹೇಳುತ್ತದೆ. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಕೂಡ ಹಾರಿತು, ಆದರೆ ಅದು ಊರೊಳಗಿನ ಮನೆ ನಿವೇಶನಕ್ಕೆ, ಹೊಲಕ್ಕಲ್ಲ. ಮಿಷನ್ ಬಂದ ಮೇಲೆ ಜಗಳ ಮುಗಿಯಿತು ಅಂದುಕೊಂಡವರು ಬಹಳ ಜನ. ಮಿಷನ್ ಹೇಳುವುದು ಇವತ್ತು ಕಲ್ಲು ಎಲ್ಲಿದೆ ಅಂತ. ಅಂದು ಎಲ್ಲಿತ್ತು ಅಂತ ಅದು ಹೇಳಲಾರದು. ಅಂದಿನದನ್ನು ಹೇಳುವುದು ಟಿಪ್ಪಣಿ. ಟಿಪ್ಪಣಿಯಲ್ಲಿ ಅಕ್ಷಾಂಶ ರೇಖಾಂಶ ಇಲ್ಲ, ಕಲ್ಲಿಂದ ಕಲ್ಲಿಗೆ ಎಷ್ಟು ಸರಪಳಿ ಎಷ್ಟು ಆಣೆ ಅಂತ ಮಾತ್ರ ಇದೆ. ಆ ಹಾಳೆಯನ್ನು ಈ ನೆಲದ ಮೇಲೆ ಕೂರಿಸಲೇಬೇಕು. ಅದೇ ರಿಜಿಸ್ಟ್ರೇಶನ್.

ಕಲ್ಲುಗಳೆಲ್ಲ ಇದ್ದಲ್ಲೇ ಇದ್ದರೆ ಏನೂ ಕಷ್ಟವಿಲ್ಲ. ಆದರೆ ಬಾಂದು ಕಲ್ಲು ಇದ್ದಲ್ಲೇ ಇರುವುದಿಲ್ಲ. ಟ್ರ್ಯಾಕ್ಟರ್ ತಗುಲಿ ಬೀಳುತ್ತದೆ, ಬಿದ್ದದ್ದನ್ನು ಯಾರೋ ಒಳ್ಳೆಯ ಮನಸ್ಸಿನಿಂದಲೇ ಪಕ್ಕದಲ್ಲಿ ನಿಲ್ಲಿಸುತ್ತಾರೆ. ಜೆಸಿಬಿ ತಳ್ಳುತ್ತದೆ. ರಾತ್ರಿ ಹೊತ್ತು ಕೈಯೂ ತಳ್ಳುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ, ಫೋನ್ ಪಕ್ಕಕ್ಕಿಡಬೇಡಿ. ಐದು ಕಲ್ಲು ಇವೆ. ಟಿಪ್ಪಣಿಯ ಹಾಳೆಯನ್ನು ಅಂದಾಜಿಗೆ ನೆಲದ ಮೇಲೆ ಹಾಸಿದ್ದೇವೆ. ಈಗ ಒಂದೊಂದು ಕಲ್ಲೂ ‘ಹಾಳೆಯನ್ನು ಪೂರ್ವಕ್ಕೆ ಇಷ್ಟು ಅಡಿ ಜರುಗಿಸಿ’ ಅನ್ನುತ್ತದೆ. ಮೊದಲ ಕಲ್ಲು 2 ಅಡಿ ಅನ್ನುತ್ತದೆ. ಎರಡನೆಯದು 3, ಮೂರನೆಯದು 3, ನಾಲ್ಕನೆಯದು 4. ಐದನೆಯದು 28 ಅಡಿ ಅನ್ನುತ್ತದೆ. ನೀವೇನು ಹೇಳುತ್ತೀರಿ? ಐದನೆಯದು ಜರುಗಿದೆ, 3 ಅಡಿ ಸರಿ ಅಂತ ತಾನೇ?

ಲೆಕ್ಕದ ಮಿಷನ್ ಹಾಗೆ ಅನ್ನುವುದಿಲ್ಲ. ಅದಕ್ಕೆ ಗೊತ್ತಿರುವ ಹಳೆಯ ಪದ್ಧತಿ, ಪ್ರತಿ ಕಲ್ಲಿನ ವ್ಯತ್ಯಾಸವನ್ನು ಅದರಿಂದಲೇ ಗುಣಿಸಿ, ಎಲ್ಲ ಕೂಡಿಸಿ, ಮೊತ್ತ ಎಲ್ಲಿ ಕಡಿಮೆಯೋ ಅಲ್ಲಿ ನಿಲ್ಲುವುದು. ಫ್ರಾನ್ಸಿನ ಲೆಜೆಂಡ್ರ್ 1805ರಲ್ಲಿ ಅಚ್ಚು ಹಾಕಿಸಿದ ವಿಧಾನ ಇದು, 1809ರಲ್ಲಿ ಜರ್ಮನಿಯ ಗೌಸ್ ಕೂಡ ಬರೆದ. ಈ ಪದ್ಧತಿಯಲ್ಲಿ 3 ಅಡಿಗೆ ಮೊತ್ತ 627 ಬರುತ್ತದೆ, 8 ಅಡಿಗೆ 502. ಹಾಗಾಗಿ ಅದು 8 ಅಡಿ ಸರಿ ಅನ್ನುತ್ತದೆ. 8 ಅಂದರೆ ಐದೂ ಕಲ್ಲಿನ ಸರಾಸರಿ. ಯಾವ ಕಲ್ಲೂ ಹೇಳದ ಉತ್ತರ ಅದು. ನಾಲ್ಕು ಸತ್ಯವಂತರ ಮಾತನ್ನು ಒಬ್ಬ ಗಟ್ಟಿಯಾಗಿ ಕೂಗಿ ಕೆಡಿಸಿದ ಹಾಗೆ. ನಮ್ಮ ಪಂಚಾಯ್ತಿಕಟ್ಟೆಯಲ್ಲಿ ಇದು ಹೊಸದೇನಲ್ಲ.

ಸರಿ, ಕೂಗುವವನ ಬಾಯಿಗೆ ಒಂದು ಮಿತಿ ಹಾಕೋಣ. 5 ಅಡಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ, ಎಷ್ಟೇ ಇರಲಿ, 25 ಅಂತ ಮಾತ್ರ ಹಿಡಿಯೋಣ. ಈಗ 3 ಅಡಿಗೆ ಮೊತ್ತ ಬರೀ 27. 8 ಅಡಿಗೆ 116. ಸರಿಯಾದ ಉತ್ತರ ಗೆದ್ದಿತು. ಆದರೆ ಇನ್ನೊಂದು ತೊಂದರೆ ಹುಟ್ಟಿತು. 28 ಅಡಿಗೆ ಮೊತ್ತ ನೋಡಿ, 100. 27ಕ್ಕೂ 29ಕ್ಕೂ ಹೋಗಿ ನೋಡಿ, 101. ಅಂದರೆ 28ರಲ್ಲಿ ಒಂದು ಗುಂಡಿ ಇದೆ. ಹುಡುಕುತ್ತಾ ಹೋದವನು ಅದರೊಳಗೆ ಇಳಿದರೆ, ಆಚೆ ಈಚೆ ಕಾಲಿಟ್ಟು ನೋಡಿ, ‘ಸುತ್ತ ಎಲ್ಲ ಏರೇ ಇದೆ, ಇದೇ ತಳ’ ಅಂದುಕೊಳ್ಳುತ್ತಾನೆ. ನಿಜವಾದ ತಳ 25 ಅಡಿ ಆಚೆ ಇರುವುದು ಅವನಿಗೆ ಕಾಣುವುದಿಲ್ಲ.

ನನ್ನ ದೊಡ್ಡಪ್ಪನ ಹೊಲದಲ್ಲಿ ಆದದ್ದು ಇದೇ.

ದೊಡ್ಡಪ್ಪನಿಗೂ ಪಕ್ಕದ ಹೊಲದ ಮಾವನಿಗೂ (ರಕ್ತಸಂಬಂಧ ಇಲ್ಲ, ಊರ ಲೆಕ್ಕದಲ್ಲಿ ಮಾವ) ಒಂಬತ್ತು ವರ್ಷದಿಂದ ಮಾತಿಲ್ಲ. ಮಧ್ಯದ ಬದುವಿನಲ್ಲಿ ಎರಡು ಹುಣಸೆ ಮರ. ಮೊದಲ ಸಲ ಅಳೆದಾಗ ಗುಡ್ಡದ ಕಡೆಯ ಕಲ್ಲಿಂದ ಟೇಪು ಹಿಡಿದರು, ಮರ ಎರಡೂ ದೊಡ್ಡಪ್ಪನಿಗೆ ಬಂತು. ಎರಡು ವರ್ಷ ಬಿಟ್ಟು ಮಾವ ದುಡ್ಡು ಕಟ್ಟಿ ಮತ್ತೆ ಅಳೆಸಿದರು. ಆ ಸಲ ಬಂದವರು ಕೆರೆ ಕಡೆಯ ಕಲ್ಲಿಂದ ಶುರು ಮಾಡಿದರು. ಬದು ಸುಮಾರು ಹದಿನಾಲ್ಕು ಅಡಿ ಈಚೆ ಬಂತು, ಮರ ಮಾವನ ಪಾಲಾಯಿತು. ಮಾವನ ಮಗಳ ಮದುವೆಗೆ ನಮ್ಮ ಮನೆಯಿಂದ ಯಾರೂ ಹೋಗಲಿಲ್ಲ. ಅಳೆದ ಇಬ್ಬರೂ ತಮ್ಮ ತಮ್ಮ ಲೆಕ್ಕ ಸರಿಯಾಗಿಯೇ ಮಾಡಿದ್ದರು, ಕಾಗದ ನಾನೇ ನೋಡಿದ್ದೇನೆ. ಒಬ್ಬೊಬ್ಬರು ಒಂದೊಂದು ಗುಂಡಿಗೆ ಇಳಿದಿದ್ದರು, ಅಷ್ಟೇ.

ಕಂಪ್ಯೂಟರ್ ಕೂಡ ಹೀಗೇ ಸಿಕ್ಕಿಬೀಳುತ್ತದೆ ಅಂತ ನನಗೆ ಹೇಳಿದವನು ನಮ್ಮೂರಿನವನೇ ಆದ ಒಬ್ಬ ಹುಡುಗ. ಬೆಂಗಳೂರಿನಲ್ಲಿ ಲೇಸರ್ ಸ್ಕ್ಯಾನ್ ಜೋಡಿಸುವ ಕೆಲಸ ಅವನದು. ಹಬ್ಬಕ್ಕೆ ಬಂದಿದ್ದ. 1992ರಲ್ಲಿ ಬೆಸ್ಲ್, ಮೆಕ್ಕೆ ಅನ್ನುವ ಇಬ್ಬರು ಬರೆದ ಐಸಿಪಿ ಅನ್ನುವ ವಿಧಾನವನ್ನು ಇವತ್ತಿಗೂ ಎಲ್ಲರೂ ಬಳಸುತ್ತಾರಂತೆ. ಪ್ರತಿ ಚುಕ್ಕಿಗೂ ಹತ್ತಿರದ ಚುಕ್ಕಿಯನ್ನು ಜೋಡಿ ಮಾಡು, ಚಿತ್ರ ಜರುಗಿಸು, ಮತ್ತೆ ಜೋಡಿ ಮಾಡು, ಮತ್ತೆ ಜರುಗಿಸು. ಶುರು ಮಾಡಿದ ಜಾಗ ಚೆನ್ನಾಗಿದ್ದರೆ ಉತ್ತರವೂ ಚೆನ್ನಾಗಿರುತ್ತದೆ. ‘ಇಲ್ಲಾಂದ್ರೆ ಅಣ್ಣ, ತಪ್ಪು ಉತ್ತರಾನ ಅಷ್ಟೇ ಧೈರ್ಯವಾಗಿ ಕೊಡುತ್ತೆ. ತಪ್ಪಾಗಿದೆ ಅಂತ ಅದಕ್ಕೇ ಗೊತ್ತಾಗಲ್ಲ’ ಅಂದ.

ಕಷ್ಟದ ಮೂಲ ಹುಚ್ಚು ಮದುವೆಯ ಗಾದೆಯಲ್ಲಿದೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಯಾವ ಕಲ್ಲು ಜರುಗಿದೆ ಅಂತ ಗೊತ್ತಾಗಬೇಕಾದರೆ ನಕ್ಷೆ ಸರಿಯಾಗಿ ಕೂತಿರಬೇಕು. ನಕ್ಷೆ ಸರಿಯಾಗಿ ಕೂರಬೇಕಾದರೆ ಯಾವ ಕಲ್ಲು ಜರುಗಿದೆ ಅಂತ ಗೊತ್ತಿರಬೇಕು. ಎಲ್ಲ ಸಾಧ್ಯತೆಗಳನ್ನೂ ಒಂದೊಂದಾಗಿ ನೋಡಿಬಿಡೋಣ ಅಂದರೆ, ಪ್ರತಿ ಕಲ್ಲಿಗೆ ಜರುಗಿದೆ, ಜರುಗಿಲ್ಲ ಅಂತ ಎರಡು ದಾರಿ. 20 ಕಲ್ಲಿಗೆ 10,48,576 ದಾರಿ. 30 ಕಲ್ಲಿಗೆ ಸುಮಾರು 107 ಕೋಟಿ. ನೂರಕ್ಕೆ ಬಂದರೆ 31 ಅಂಕಿಗಳ ಸಂಖ್ಯೆ, ಯಾವ ಕಂಪ್ಯೂಟರಿಗೂ ಆಗದ ಮಾತು.

ಇದು ಬರೀ ಹೊಲದ ಕಷ್ಟವಲ್ಲ. ಬಾಹ್ಯಾಕಾಶದಲ್ಲಿ ತೇಲುವ ಉಪಗ್ರಹಕ್ಕೆ ತಾನು ಯಾವ ಕಡೆ ಮುಖ ಮಾಡಿದ್ದೇನೆ ಅಂತ ತಿಳಿಯಬೇಕು. ಅದು ಕ್ಯಾಮೆರಾದಲ್ಲಿ ನಕ್ಷತ್ರ ನೋಡಿ, ತನ್ನ ಬಳಿ ಇರುವ ನಕ್ಷತ್ರ ಪಟ್ಟಿಯ ಜೊತೆ ತಾಳೆ ಹಾಕುತ್ತದೆ. ಅಮೆರಿಕದ ಗ್ರೇಸ್ ವಾಬಾ ಅನ್ನುವ ಗಣಿತಜ್ಞೆ 1965ರಲ್ಲಿ ಈ ಪ್ರಶ್ನೆಯನ್ನು ಒಂದು ಗಣಿತ ಪತ್ರಿಕೆಯಲ್ಲಿ ಓದುಗರ ಮುಂದಿಟ್ಟರು, ಈಗಲೂ ಅದಕ್ಕೆ ವಾಬಾ ಸಮಸ್ಯೆ ಅಂತಲೇ ಹೆಸರು. ನಮ್ಮ ಇಸ್ರೋ ಉಪಗ್ರಹಗಳಿಗೆ ಇಂಥ ನಕ್ಷತ್ರ ನೋಡುವ ಸಾಧನ ಮಾಡುವ ಕೇಂದ್ರ ಬೆಂಗಳೂರಿನ ಪೀಣ್ಯದಲ್ಲಿದೆ, ಲಿಯೋಸ್ ಅಂತ. ಎಲ್ಲ ನಕ್ಷತ್ರವನ್ನೂ ಸರಿಯಾಗಿ ಗುರುತಿಸಿದ್ದರೆ ವಾಬಾ ಸಮಸ್ಯೆಗೆ ನೇರ ಉತ್ತರ ಇದೆ. ಒಂದಷ್ಟು ನಕ್ಷತ್ರ ತಪ್ಪಾಗಿ ಜೋಡಿಯಾಗಿದ್ದರೆ ಮತ್ತೆ ಅದೇ ಗುಂಡಿಗಳು. ನಕ್ಷತ್ರ ಅಂದರೂ ಅಷ್ಟೇ, ಬಾಂದು ಕಲ್ಲು ಅಂದರೂ ಅಷ್ಟೇ.

ಈಗ ಉಪಾಯಕ್ಕೆ ಬರೋಣ. ಅದರ ಹೆಸರು ಕಾನ್ವೆಕ್ಸ್ ರಿಲ್ಯಾಕ್ಸೇಶನ್. ರಿಲ್ಯಾಕ್ಸ್ ಅಂದರೆ ಇಲ್ಲಿ ಸುಸ್ತು ಆರಿಸಿಕೊಳ್ಳುವುದಲ್ಲ, ನಿಯಮ ಸಡಿಲಿಸುವುದು. ಕಾನ್ವೆಕ್ಸ್ ಅಂದರೆ ಒಳಗೆ ಎರಡು ಕಡೆ ಗೂಟ ಹೊಡೆದು ದಾರ ಎಳೆದರೆ ದಾರ ಹೊರಗೆ ಹೋಗದಂಥ ಆಕಾರ. ದುಂಡಗಿನ ರಾಗಿ ಕಣ ಕಾನ್ವೆಕ್ಸ್. ಎಲ್ ಅಕ್ಷರದ ಆಕಾರದ ನಿವೇಶನ ಅಲ್ಲ. ಲೆಕ್ಕದ ನೆಲ ಬೋಗುಣಿಯ ಹಾಗಿದ್ದು, ಓಡಾಡುವ ಜಾಗವೂ ಕಣದ ಹಾಗಿದ್ದರೆ ಗುಂಡಿಗಳ ಭಯವಿಲ್ಲ. ಎಲ್ಲಿಂದ ಗೋಲಿ ಬಿಟ್ಟರೂ ಅದೇ ತಳಕ್ಕೆ ಬರುತ್ತದೆ. ಗುಡ್ಡದ ಕಡೆಯಿಂದ ಶುರು ಮಾಡಿದರೂ, ಕೆರೆ ಕಡೆಯಿಂದ ಶುರು ಮಾಡಿದರೂ.

ನಮ್ಮ ಪ್ರಶ್ನೆ ಹಾಗಿಲ್ಲವಲ್ಲ? ಇಲ್ಲ. ನಕ್ಷೆ ತಿರುಗಿಸುವುದನ್ನೇ ನೋಡಿ. ಉತ್ತರಕ್ಕೆ, ಪೂರ್ವಕ್ಕೆ, ಹೀಗೆ ಎಲ್ಲ ದಿಕ್ಕುಗಳನ್ನೂ ಗುರುತು ಮಾಡಿದರೆ ಅದು ಊಟದ ತಟ್ಟೆಯ ಅಂಚಿನ ಹಾಗೆ ಒಂದು ಬಳೆ. ಅಂಚಿನ ಮೇಲಿನ ಎರಡು ಚುಕ್ಕಿಗೆ ದಾರ ಎಳೆದರೆ ದಾರ ತಟ್ಟೆಯ ಮಧ್ಯದಲ್ಲಿ ಹಾಯುತ್ತದೆ, ಅಂಚಿನ ಮೇಲೆ ಇರುವುದಿಲ್ಲ. ಆದ್ದರಿಂದ ಅಂಚು ಕಾನ್ವೆಕ್ಸ್ ಅಲ್ಲ. ಸಡಿಲಿಸುವುದು ಅಂದರೆ, ‘ಅಂಚಿನ ಮೇಲೇ ನಿಲ್ಲಬೇಕು’ ಅನ್ನುವ ನಿಯಮ ಬಿಟ್ಟು ‘ತಟ್ಟೆಯ ಮೇಲೆ ಎಲ್ಲಾದರೂ ನಿಲ್ಲು’ ಅನ್ನುವುದು. ಹಾಗೆ ಬಿಟ್ಟರೆ ಅರ್ಥವಿಲ್ಲದ ಉತ್ತರ ಬರುವುದಿಲ್ಲವೇ? ಚಪ್ಪಟೆ ತಟ್ಟೆಯೊಂದನ್ನು ಸ್ವಲ್ಪ ಓರೆ ಮಾಡಿ ನಡುವೆ ಗೋಲಿ ಇಡಿ. ಎಲ್ಲಿಗೆ ಹೋಗಿ ನಿಲ್ಲುತ್ತದೆ? ಅಂಚಿಗೇ. ತಟ್ಟೆಯ ಪೂರ್ತಿ ಸ್ವಾತಂತ್ರ್ಯ ಕೊಟ್ಟರೂ ಅದು ತಾನಾಗಿ ಬಂದು ಅಂಚಿನ ಮೇಲೆ ನಿಂತಿತು. ನಮಗೆ ಬೇಕಾದ ಉತ್ತರವೇ ಸಿಕ್ಕಿತು, ಗುಂಡಿಗೆ ಬೀಳದೆ. ಈ ಮಾತು ಅರ್ಥವಾದಾಗ ನನಗೆ ಆದ ಸಂತೋಷ ಮುಖಪುಟದಲ್ಲಿ ಹೆಸರು ಬಂದಾಗಲೂ ಆಗಿರಲಿಲ್ಲ.

ಕಲ್ಲುಗಳ ‘ಹೌದು, ಇಲ್ಲ’ಗೂ ಇಂಥದೇ ಉಪಾಯ, ಸ್ವಲ್ಪ ಸುತ್ತು ಜಾಸ್ತಿ. ಒಂದೊಂದು ಕಲ್ಲನ್ನೇ ‘ನೀನು ಸರಿಯೋ ತಪ್ಪೋ’ ಅಂತ ಕೇಳುವ ಬದಲು, ಎರಡೆರಡು ಕಲ್ಲು ಹಿಡಿದು ‘ನೀವಿಬ್ಬರೂ ಒಂದೇ ಪಕ್ಷವೋ, ಬೇರೆ ಬೇರೆಯೋ’ ಅಂತ ಕೇಳುತ್ತಾರೆ. ಒಂದೇ ಆದರೆ ಕೂಡುವ ಒಂದು, ಬೇರೆಯಾದರೆ ಕಳೆಯುವ ಒಂದು. ಎಲ್ಲ ಜೋಡಿಗೂ ಸೇರಿ ಚೌಕದ ಒಂದು ಕೋಷ್ಟಕ ಆಗುತ್ತದೆ. ನಿಜವಾಗಿ ಎರಡೇ ಪಕ್ಷ ಇದ್ದರೆ ಕೋಷ್ಟಕದ ಪ್ರತಿ ಸಾಲೂ ಮೊದಲ ಸಾಲಿನ ನಕಲೇ ಆಗಿರಬೇಕು, ಇಲ್ಲವೇ ಪೂರ್ತಿ ಉಲ್ಟಾ ಆಗಿರಬೇಕು. ಕಷ್ಟವೆಲ್ಲ ಇರುವುದು ಈ ಒಂದು ನಿಯಮದಲ್ಲಿ. ಅದನ್ನು ಬಿಟ್ಟು, ಅರ್ಧ ಮುಕ್ಕಾಲು ಅಂಕಿಗಳನ್ನೂ ಒಪ್ಪಿ, ಕೋಷ್ಟಕ ತನಗೆ ತಾನೇ ವಿರುದ್ಧ ಹೇಳಬಾರದು ಅನ್ನುವ ಮೆದು ನಿಯಮವನ್ನು ಮಾತ್ರ ಇಟ್ಟುಕೊಂಡರೆ ಲೆಕ್ಕ ಬೋಗುಣಿಯಾಗುತ್ತದೆ. ಇಂಥ ಲೆಕ್ಕ ಬಿಡಿಸುವ ದಾರಿ ಗಟ್ಟಿಯಾದದ್ದು 1990ರ ದಶಕದಲ್ಲಿ. ಅದಕ್ಕೆ ಮೊದಲು 1984ರಲ್ಲಿ, ಗ್ವಾಲಿಯರ್‌ನಲ್ಲಿ ಹುಟ್ಟಿದ ನರೇಂದ್ರ ಕರ್ಮಾರ್ಕರ್ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದಾಗ ಇದಕ್ಕಿಂತ ಸರಳವಾದ ಲೆಕ್ಕಗಳಿಗೆ, ಅಂಚು ಹಿಡಿದು ಹೋಗದೆ ಒಳಗಿನಿಂದಲೇ ತಳಕ್ಕೆ ಇಳಿಯುವ ದಾರಿ ತೋರಿಸಿದ್ದರು.

ಸಡಿಲಿಸಿದ್ದಕ್ಕೆ ಸಿಗುವ ದೊಡ್ಡ ಲಾಭ ಬೇರೆಯೇ ಇದೆ. ದನದ ಸಂತೆ ಗೊತ್ತಲ್ಲ. ನಮ್ಮ ತಾಲ್ಲೂಕಿನಲ್ಲೇ ಎತ್ತು ಕೊಳ್ಳಬೇಕು ಅಂತ ನಿಮ್ಮ ಹಠ. ಒಬ್ಬ ಇಡೀ ಜಿಲ್ಲೆ ಸುತ್ತಿ ಬಂದು, ‘ಜಿಲ್ಲೆಯಲ್ಲೇ ಅತಿ ಕಡಿಮೆ ಅಂದರೆ 60 ಸಾವಿರ’ ಅಂದ. ತಾಲ್ಲೂಕು ಜಿಲ್ಲೆಯ ಒಳಗೇ ಇರುವುದರಿಂದ ತಾಲ್ಲೂಕಿನಲ್ಲಿ 60ಕ್ಕಿಂತ ಕಡಿಮೆಗೆ ಸಿಗುವುದು ಸಾಧ್ಯವೇ ಇಲ್ಲ. ಈಗ ನಿಮಗೆ ತಾಲ್ಲೂಕಿನಲ್ಲೇ 60 ಸಾವಿರಕ್ಕೆ ಎತ್ತು ಸಿಕ್ಕಿತು ಅನ್ನಿ. ಇನ್ನು ಹುಡುಕುವ ಕೆಲಸವೇ ಇಲ್ಲ. 63ಕ್ಕೆ ಸಿಕ್ಕಿದರೆ, ಹೆಚ್ಚೆಂದರೆ 3 ಸಾವಿರ ಜಾಸ್ತಿ ಕೊಟ್ಟೆ ಅಂತ ಗೊತ್ತು. ಸಡಿಲಿಸಿದ ಲೆಕ್ಕ ಅಂದರೆ ಆ ಜಿಲ್ಲೆ. ಸಂತೆಯಲ್ಲಾದರೆ ದೊಡ್ಡ ಜಾಗ ಸುತ್ತುವುದು ಕಷ್ಟ. ಗಣಿತದಲ್ಲಿ ಉಲ್ಟಾ, ಸಣ್ಣ ಜಾಗದಲ್ಲೇ ಗುಂಡಿಗಳು, ದೊಡ್ಡದು ಸಮತಟ್ಟಾದ ಕಣ.

ನಮ್ಮ ಐದು ಕಲ್ಲಿನ ಲೆಕ್ಕದಲ್ಲಿ ‘27ಕ್ಕಿಂತ ಕಡಿಮೆ ಯಾರಿಗೂ ಸಾಧ್ಯವಿಲ್ಲ’ ಅಂತ ಸಡಿಲ ಲೆಕ್ಕ ಹೇಳಿ, ನಮ್ಮ ಕೈಲಿರುವ ಉತ್ತರವೂ 27 ಆಗಿದ್ದರೆ, ಅದು ಸರ್ಟಿಫಿಕೇಟ್. ಯಾರು ಎಲ್ಲಿಂದ ಶುರು ಮಾಡಿ ಅಳೆದರೂ ಇದಕ್ಕಿಂತ ಒಳ್ಳೆಯದು ತರಲಾರರು. ಉತ್ತರ 100 ಆಗಿದ್ದು ಸಡಿಲ ಲೆಕ್ಕ 27 ಅಂದರೆ, ‘ಇದನ್ನು ನಂಬಬೇಡ, ಇನ್ನೂ ಹುಡುಕು’ ಅಂತ ಎಚ್ಚರಿಕೆ. ತಪ್ಪು ಉತ್ತರವನ್ನು ಧೈರ್ಯವಾಗಿ ಕೊಡುವ ಮಿಷನ್‌ಗೂ, ‘ಇದರ ಬಗ್ಗೆ ನಾನು ಗ್ಯಾರಂಟಿ ಕೊಡಲಾರೆ’ ಅನ್ನುವ ಮಿಷನ್‌ಗೂ ಇರುವ ವ್ಯತ್ಯಾಸ ಇಷ್ಟೇ, ಆದರೆ ತಾನೇ ಓಡುವ ಕಾರಿನಲ್ಲಿ ಕೂತವನಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಬೇರೆ ದಾರಿಯಿಂದ ತಾಳೆ ನೋಡುವ ಅಭ್ಯಾಸ ಸರ್ವೆಯವರಿಗೆ ಹೊಸದೂ ಅಲ್ಲ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಒಂದು ಗೆರೆ ಅಳೆದು, ಅಲ್ಲಿಂದ ತ್ರಿಕೋನ ಕಟ್ಟುತ್ತಾ ಪಶ್ಚಿಮಕ್ಕೆ ಬಂದ. 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ಗೆರೆಯನ್ನು ನೆಲದ ಮೇಲೇ ಸರಪಳಿಯಿಂದ ಅಳೆದು ನೋಡಿದರು. ಏಳು ಮೈಲಿ ಉದ್ದದ ಗೆರೆಯಲ್ಲಿ ತ್ರಿಕೋನದ ಲೆಕ್ಕಕ್ಕೂ ಸರಪಳಿಗೂ ಇದ್ದ ವ್ಯತ್ಯಾಸ ಕೆಲವೇ ಅಂಗುಲ.

ಈಗಿನ ಕಾಲಕ್ಕೆ ಬಂದರೆ, ಅಮೆರಿಕದ ಎಂಐಟಿಯಲ್ಲಿ ಹೆಂಗ್ ಯಾಂಗ್ ಮತ್ತು ಲೂಕಾ ಕಾರ್ಲೋನೆ 2019ರಲ್ಲಿ, ತಪ್ಪು ಜೋಡಿಗಳಿರುವ ವಾಬಾ ಸಮಸ್ಯೆಯನ್ನು ಈ ಕೋಷ್ಟಕದ ವಿಧಾನದಿಂದ ಬಿಡಿಸಿದರು. ಅದು ಗಟ್ಟಿ, ಆದರೆ ನಿಧಾನ. 100 ಜೋಡಿಗೆ ಕೋಷ್ಟಕ 404 ಸಾಲು, 404 ಕಂಬ ಆಗುತ್ತದೆ. ಮುಂದೆ ಜಿಂಗ್ನಾನ್ ಶಿ ಅವರೂ ಸೇರಿ 2020ರಲ್ಲಿ ಟೀಸರ್ ಅನ್ನುವ ವಿಧಾನ ತಂದರು. ನೂರರಲ್ಲಿ 99ಕ್ಕೂ ಹೆಚ್ಚು ಜೋಡಿ ಸುಳ್ಳಾಗಿದ್ದರೂ ಅದು ಸರಿಯಾದ ಉತ್ತರ ಹಿಡಿದದ್ದನ್ನು ತೋರಿಸಿದರು. ಅದರ ವೇಗದ ರೂಪ ಮೊದಲು ಚುರುಕಾಗಿ ಒಂದು ಉತ್ತರ ಹುಡುಕಿ, ಆಮೇಲೆ ಸರ್ಟಿಫಿಕೇಟ್ ಸಿಗುತ್ತದೆಯೇ ಅಂತ ಬೇರೆಯಾಗಿ ಪರೀಕ್ಷಿಸುತ್ತದೆ.

ಟೀಸರ್‌ನ ಮೊದಲ ಹೆಜ್ಜೆ ಕೇಳಿದಾಗ ನನಗೆ ನಗು ಬಂತು. ಅದು ನಮ್ಮ ಹಳೆಯ ಸರ್ವೆಯವರ ಬುದ್ಧಿಯೇ. ಹಾಳೆಯನ್ನು ಎಷ್ಟೇ ಜರುಗಿಸಿ, ಎಷ್ಟೇ ತಿರುಗಿಸಿ, ಎರಡು ಕಲ್ಲಿನ ನಡುವಿನ ದೂರ ಬದಲಾಗುವುದಿಲ್ಲ. ಟಿಪ್ಪಣಿಯಲ್ಲಿರುವ ದೂರಕ್ಕೂ ಇವತ್ತಿನ ದೂರಕ್ಕೂ ಹೊಂದಿದರೆ ಆ ಇಬ್ಬರು ಒಬ್ಬರಿಗೊಬ್ಬರು ಸಾಕ್ಷಿ. ಹೀಗೆ ಪ್ರತಿಯೊಬ್ಬರೂ ಪ್ರತಿಯೊಬ್ಬರಿಗೂ ಸಾಕ್ಷಿ ಹೇಳುವ ಅತಿ ದೊಡ್ಡ ಗುಂಪನ್ನು ಹುಡುಕು. ಅಲ್ಲಿಗೆ ಬಹುಪಾಲು ಸುಳ್ಳು ಕಲ್ಲುಗಳು ಉದುರಿಹೋಗುತ್ತವೆ.

ನಾನು ಮತ್ತು ಆ ಹುಡುಗ ಎರಡು ಬೆಳಗ್ಗೆ ದೊಡ್ಡಪ್ಪನ ಹೊಲದ ಸುತ್ತ ಇದನ್ನೇ ಮಾಡಿದೆವು. ಟಿಪ್ಪಣಿಯ ನಕಲು ಇತ್ತು. ನೆಲದ ಮೇಲೆ ಏಳು ಕಲ್ಲು ಸಿಕ್ಕವು, ಒಂದು ಬೇಲಿಯ ಕತ್ತಾಳೆಯೊಳಗೆ ಹೂತಿತ್ತು. ಏಳು ಕಲ್ಲಿಗೆ 21 ಜೋಡಿ. ಆಣೆಯ ಲೆಕ್ಕದ ಒರಟುತನಕ್ಕೆ 3 ಅಡಿ ವಿನಾಯಿತಿ ಕೊಟ್ಟೆವು. ಐದು ಕಲ್ಲುಗಳ ನಡುವಿನ 10 ಜೋಡಿಗಳೂ ಹೊಂದಿದವು. ಉಳಿದ ಎರಡು ಕಲ್ಲುಗಳಿಗೆ ಸೇರಿದ 11 ಜೋಡಿಗಳಲ್ಲಿ ಹೊಂದಿದ್ದು ಎರಡು ಮಾತ್ರ. ಕಲ್ಲು ಅಡ್ಡಡ್ಡ ಜರುಗಿದರೆ ದೂರದ ಒಂದೊಂದು ಕಲ್ಲಿನ ಜೊತೆ ಹಾಗೆ ಆಕಸ್ಮಿಕವಾಗಿ ಹೊಂದುತ್ತದೆ. ಅವನು ಲ್ಯಾಪ್‌ಟಾಪ್‌ನಲ್ಲಿ ಸಡಿಲ ಲೆಕ್ಕವನ್ನೂ ಓಡಿಸಿದ, ಉತ್ತರವೂ ಗಡಿಯೂ ಒಂದೇ ಅಂಕಿಗೆ ಬಂದವು. ನಿಜ ಹೇಳಬೇಕೆಂದರೆ ಏಳು ಕಲ್ಲಿಗೆ ಅಷ್ಟು ದೊಡ್ಡ ಆಯುಧ ಬೇಡ. ಇರುವುದು 128 ದಾರಿ, ಎಲ್ಲವನ್ನೂ ನೋಡಿದರೆ ಕಣ್ಣು ಮಿಟುಕಿಸುವಷ್ಟು ಹೊತ್ತು. ನೋಡಿದ. ಅದೇ ಉತ್ತರ.

ಹೊರಗೆ ಬಿದ್ದ ಎರಡು ಕಲ್ಲುಗಳಲ್ಲಿ ಒಂದು ಕತ್ತಾಳೆಯೊಳಗಿನದು. ಇನ್ನೊಂದು ಗುಡ್ಡದ ಕಡೆಯದು, ದೊಡ್ಡಪ್ಪ ಒಂಬತ್ತು ವರ್ಷದಿಂದ ಆಣೆ ಮಾಡಿ ಹೇಳುತ್ತಿದ್ದ ಕಲ್ಲು. ನಕ್ಷೆ ಕೂತಾಗ ಬದು ಬಿದ್ದದ್ದು ಮಾವನ ಅಳತೆಯ ಹತ್ತಿರ, ಎರಡು ಅಡಿ ಹೆಚ್ಚು ಕಮ್ಮಿ. ಹುಣಸೆ ಮರ ಮಾವನ ಕಡೆಗೆ.

ಸರ್ಟಿಫಿಕೇಟ್ ಅಂದಾಗ ಎಚ್ಚರವೂ ಇರಬೇಕು. ಅದು ಹೇಳುವುದು ‘ಈ ಕಲ್ಲುಗಳಿಗೆ, ಈ ಟಿಪ್ಪಣಿಗೆ, ಈ ಲೆಕ್ಕದ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಹೊಂದಿಕೆ ಇಲ್ಲ’ ಅಂತ ಮಾತ್ರ. ಐದಕ್ಕೆ ಐದೂ ಕಲ್ಲನ್ನು ಯಾರಾದರೂ ಒಂದೇ ಕಡೆಗೆ ಒಂದೇ ಅಳತೆಯಲ್ಲಿ ಜರುಗಿಸಿದ್ದರೆ, ಸುಳ್ಳು ಸಾಕ್ಷಿಗಳೆಲ್ಲ ಒಂದೇ ಮಾತು ಹೇಳಿದ ಹಾಗೆ, ಲೆಕ್ಕ ಅವರನ್ನೇ ನಂಬುತ್ತದೆ. ಟಿಪ್ಪಣಿಯೇ ತಪ್ಪಾಗಿದ್ದರೂ ಅಷ್ಟೇ. ನಮ್ಮಲ್ಲಿ ಆ ಐದು ಕಲ್ಲುಗಳು ಮೂರು ಬೇರೆ ಬೇರೆ ಮನೆಯವರ ಹೊಲದಂಚಿನಲ್ಲಿ, ನಾಲ್ಕೂ ದಿಕ್ಕಿಗೆ ಇವೆ. ಅವೆಲ್ಲ ಒಟ್ಟಿಗೆ ಜರುಗಿರಲಾರವು ಅನ್ನುವುದು ನನ್ನ ತೀರ್ಮಾನ, ಗಣಿತದ್ದಲ್ಲ. ಗುಡ್ಡದ ಕಲ್ಲನ್ನು ಯಾರು ಜರುಗಿಸಿದರು ಅಂತಲೂ ಗಣಿತ ಹೇಳುವುದಿಲ್ಲ. ಅಲ್ಲಿ ರಸ್ತೆಗೆ ಮಣ್ಣು ತೆಗೆದದ್ದು ಊರಿಗೆಲ್ಲ ಗೊತ್ತು.

ದೊಡ್ಡಪ್ಪನಿಗೆ ಹೇಳಿದೆ. ಅವರು ಎಲೆ ಅಡಿಕೆ ತಟ್ಟೆ ಪಕ್ಕಕ್ಕೆ ಸರಿಸಿ, ‘ಏನ್ಲಾ, ನಿಮ್ಮಪ್ಪನ ಜೊತೆ ಹುಟ್ಟಿದೋನು ನಾನೋ ಅವನೋ?’ ಅಂದರು. ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಒಂದು ದಿನ ತಾವಾಗೇ ಕೇಳಿದರು: ‘ಗುಡ್ಡದ ಕಲ್ಲಿಂದ ಕೆರೆ ಕಲ್ಲಿಗೆ ಎಷ್ಟು ಕಮ್ಮಿ ಬಂತು ಅಂದೆ?’ ಹೇಳಿದೆ. ‘ಇನ್ನೊಂದ್ಸಲ ಹಿಡಿ ಟೇಪು, ನಾನೂ ಬರ್ತೀನಿ’ ಅಂದರು. ಬಿಸಿಲಲ್ಲಿ ಟೇಪಿನ ಒಂದು ತುದಿ ಅವರೇ ಹಿಡಿದರು. ಅದೇ ಅಂಕಿ ಬಂತು. ಏನೂ ಹೇಳದೆ ಮನೆಗೆ ನಡೆದರು.

21 ಜೋಡಿಗಳ ಪಟ್ಟಿಯನ್ನು ಎರಡು ಪ್ರತಿ ಮಾಡಿ ಎರಡೂ ಮನೆಗೆ ಕೊಟ್ಟಿದ್ದೇನೆ. ಮಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇದಕ್ಕೆ ಸೀಲ್ ಇಲ್ವಲ್ಲಪ್ಪ’ ಅಂದರು. ಇಲ್ಲ, ಅದು ನಮ್ಮ ಕೈಲಿಲ್ಲ. ಹದ್ದುಬಸ್ತಿಗೆ ಹೊಸ ಅರ್ಜಿ ಕೊಟ್ಟಾಗಿದೆ, ಈ ಸಲ ಒಂದೇ ಕಲ್ಲಿಂದ ಶುರು ಮಾಡದೆ ಏಳೂ ಕಲ್ಲಿನ ನಡುವಿನ ದೂರ ಬರೆದುಕೊಳ್ಳಿ ಅಂತ ಅದರಲ್ಲಿ ಸೇರಿಸಿದ್ದೇವೆ. ಅರ್ಜಿಯಲ್ಲಿ ಮಾವನ ಸಹಿ ಇದೆ. ದೊಡ್ಡಪ್ಪನದು ಇನ್ನೂ ಆಗಿಲ್ಲ, ಕಾಗದ ಅವರ ದಿಂಬಿನ ಕೆಳಗಿದೆ ಅಂತ ದೊಡ್ಡಮ್ಮ ಹೇಳಿದರು.